ಟಿಪ್ಪುವಿನ ಕೋವಿ ಮತ್ತು ಇಪ್ಪತ್ತು ಗುಂಟೆ ತೋಟ

ನಮ್ಮ ನಗರದ ಸೀಮೆಯಲ್ಲಿ ಟಿಪ್ಪುವಿನ ಕೋವಿ ಇಲ್ಲದ ಹಳೆಯ ಮನೆ ಸಿಗುವುದು ಕಷ್ಟ. ಹೆಬ್ಬಾಗಿಲ ಮೇಲೋ ಜಗಲಿಯ ಗೋಡೆಯ ಗೂಟದ ಮೇಲೋ ಒಂಟಿ ನಳಿಗೆಯ ಕೋವಿಯೊಂದು ಮಲಗಿರುತ್ತದೆ. ಬಂದ ನೆಂಟರಿಗೆ ಕಾಫಿ ಬರುವ ಮೊದಲು ಅದು ಟಿಪ್ಪುವಿನ ಕಾಲದ್ದು ಎಂದು ಗೊತ್ತಾಗುತ್ತದೆ. ಕಾಫಿ ಕುಡಿದು ಮುಗಿಯುವ ಹೊತ್ತಿಗೆ ಟಿಪ್ಪುವೇ ಕೈಯಾರೆ ಹಿಡಿದದ್ದು ಎಂದಾಗಿರುತ್ತದೆ. ಎಲೆ ಅಡಿಕೆಯ ತಟ್ಟೆ ಬರುವುದರೊಳಗೆ ಎದ್ದು ಹೊರಟರೆ ಕ್ಷೇಮ. ಇಷ್ಟೆಲ್ಲ ಕೋವಿಗಳು ಅವನ ಬಳಿ ನಿಜವಾಗಿಯೂ ಇದ್ದಿದ್ದರೆ 1799ರ ಮೇ 4ರಂದು ಶ್ರೀರಂಗಪಟ್ಟಣ ಬೀಳುತ್ತಿರಲಿಲ್ಲ.

ನಾನು ಇದನ್ನು ತಮಾಷೆಗೆಂದು ಬರೆಯುತ್ತಿಲ್ಲ. ಈ ಮಾತಿನಿಂದ ಒಂದು ಮನೆ ಹೇಗೆ ನಷ್ಟಪಟ್ಟಿತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಅದರಲ್ಲಿ ನನ್ನ ಕೈಯೂ ಇತ್ತು. ಆದ್ದರಿಂದ ಮುಂದೆ ಯಾರನ್ನಾದರೂ ಬೈದರೆ ಆ ಬೈಗಳಲ್ಲಿ ಮೊದಲ ಪಾಲು ನನಗೇ ಸಲ್ಲಬೇಕು.

ನಮ್ಮ ಮನೆಯ ಕಥೆ ಹೀಗೆ. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಎಂಬ ಇಂಗ್ಲಿಷ್ ಸೇನಾಪತಿ ಘಟ್ಟ ಹತ್ತಿ ಬಂದು ಬಿದನೂರನ್ನು ಹಿಡಿದ. ಕೆಲವೇ ತಿಂಗಳಲ್ಲಿ ಟಿಪ್ಪು ದೊಡ್ಡ ಸೈನ್ಯದೊಡನೆ ಬಂದು ಅವನನ್ನು ಸೆರೆಹಿಡಿದು ಊರನ್ನು ಮರಳಿ ಪಡೆದ. ಇಲ್ಲಿಯವರೆಗೆ ಚರಿತ್ರೆ. ಆ ಸೈನ್ಯಕ್ಕೆ ನಮ್ಮ ಮುತ್ತಜ್ಜನ ಅಜ್ಜ ಎತ್ತಿನ ಮೇಲೆ ಅಕ್ಕಿ ಹೊರಿಸಿ ಕಳಿಸಿದರಂತೆ, ಅದಕ್ಕೆ ಮೆಚ್ಚಿ ಕೊಟ್ಟದ್ದೇ ಈ ಕೋವಿಯಂತೆ. ಇಲ್ಲಿಂದ ಮುಂದೆ 'ಅಂತೆ'. ಆಯುಧಪೂಜೆಯ ದಿನ ಅದನ್ನು ಕೆಳಗಿಳಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕುತ್ತಿದ್ದರು. ಮಕ್ಕಳಾದ ನಾವು ನಳಿಗೆಯ ಬುಡದಲ್ಲಿ ಬೆರಳಾಡಿಸುತ್ತಿದ್ದೆವು. ಅಲ್ಲಿ ಏನೋ ಕೊರೆದಂತೆ ತಡೆಯುತ್ತಿತ್ತು. ಅಕ್ಷರಗಳೇ ಇರಬೇಕು. ಅಜ್ಜ ಅದನ್ನು 'ಸುಲ್ತಾನರ ಮೊಹರು' ಎನ್ನುತ್ತಿದ್ದರು. ಒಂದು ದೀಪ ತಂದು, ಒಂದು ಭೂತಗನ್ನಡಿ ಹಿಡಿದು ಅದೇನೆಂದು ಓದಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

1996ರಲ್ಲಿ ಮನೆ ಪಾಲಾಯಿತು. ಒಂದು ಕಡೆ ದೊಡ್ಡಪ್ಪನ ಮಗ ಅಣ್ಣಯ್ಯ, ಇನ್ನೊಂದು ಕಡೆ ನಾನು ಮತ್ತು ನನ್ನ ತಮ್ಮ. ಪಾತ್ರೆ, ಕಣಜ, ಕೊಟ್ಟಿಗೆ ಎಲ್ಲ ಸಲೀಸಾಗಿ ಹಂಚಿಹೋದವು. ಕೊನೆಗೆ ಉಳಿದದ್ದು ಕೋವಿ. ಪಂಚಾಯ್ತಿಗೆ ಕೂತ ಹಿರಿಯರಲ್ಲಿ ಒಬ್ಬರು, "ಇದಕ್ಕೆ ಬೆಲೆ ಕಟ್ಟೋದು ಹ್ಯಾಗೆ? ಲಕ್ಷಗಟ್ಟಲೆ ಬಾಳೋ ವಸ್ತು. ಇದು ಬೇಕು ಅಂದೋರು ಹಳ್ಳದ ಬದಿ ಇಪ್ಪತ್ತು ಗುಂಟೆ ತೋಟ ಬಿಟ್ಟುಕೊಡಲಿ" ಎಂದರು. ಹಳ್ಳದ ಬದಿಯ ತೋಟವೆಂದರೆ ಬೇಸಿಗೆಯಲ್ಲೂ ತೇವ ಆರದ, ಫಸಲು ತಪ್ಪದ ಅಡಿಕೆ ತೋಟ. ಅಣ್ಣಯ್ಯ ನನ್ನ ಮುಖ ನೋಡಿದ. ನಾನು ಆಗ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದೆ. "ಎಂತ ಮಾರಾಯಾ, ಓದಿದೋನು ನೀನು. ಹೌದನಾ ಇದು?" ಎಂದ. ಹೌದು ಎಂದೆ. ಬಾಯಲ್ಲಿ ಅಂದದ್ದು ಸಾಲದು ಎಂದು ಒಂದು ಹಾಳೆಯ ಮೇಲೆ ಬರೆದೂ ಕೊಟ್ಟೆ. ಶೈಲಿ, ಪ್ರಾಚೀನತೆ ಮತ್ತು ಮನೆತನದ ಪರಂಪರೆಯನ್ನು ಗಮನಿಸಿದರೆ ಈ ಬಂದೂಕು ಹದಿನೆಂಟನೆಯ ಶತಮಾನದ ಉತ್ತರಾರ್ಧಕ್ಕೆ ಸೇರಿದ್ದೆಂದು ನಿಸ್ಸಂಶಯವಾಗಿ ಹೇಳಬಹುದು ಎಂದು. ಕೆಳಗೆ ಸಹಿ, ಹೆಸರಿನ ಮುಂದೆ ಎಂ.ಎ.

ಆ 'ನಿಸ್ಸಂಶಯವಾಗಿ' ಎಂಬ ಶಬ್ದ ಬರೆಯುವಾಗ ಕೋವಿ ಗೂಟದ ಮೇಲೇ ಇತ್ತು. ನಾನು ಅದನ್ನು ಕೆಳಗಿಳಿಸಿ ನೋಡಿರಲಿಲ್ಲ. ಆ ತೋಟ ಬಂದದ್ದು ನಮ್ಮ ಪಾಲಿಗೆ.

ಈಗ ವಿಷಯಕ್ಕೆ ಬರುತ್ತೇನೆ. ಹಳೆಯ ಕೋವಿ ಅಸಲಿಯೋ ನಕಲಿಯೋ ಎಂದು ಕೇಳಿದರೆ ನಮ್ಮವರು ಕೊಡುವ ಮೊದಲ ಉತ್ತರ, "ಮನೆ ಹಿರಿಯರು ಸುಳ್ಳು ಹೇಳ್ತಾರಾ?" ಎಂಬುದು. ಹಿರಿಯರು ಸುಳ್ಳು ಹೇಳುವುದಿಲ್ಲ. ಆದರೆ ಹಿರಿಯರಿಗೆ ಅವರ ಹಿರಿಯರು ಹೇಳಿದ್ದು, ಅವರಿಗೆ ಮತ್ತೊಬ್ಬರು ಹೇಳಿದ್ದು. ನಡುವೆ ಒಂದು ಕೋವಿ ಮುರಿದು ಇನ್ನೊಂದು ಕೊಂಡಿರಬಹುದು. ಕಥೆ ಮಾತ್ರ ಗೂಟದಲ್ಲೇ ಉಳಿದು, ಹೊಸದಾಗಿ ಬಂದ ಕೋವಿಗೆ ತಗಲಿಕೊಂಡಿರಬಹುದು. ಮನೆಯ ನೆನಪು ಸಾಕ್ಷಿಯೇ ಹೌದು. ಆದರೆ ಅದು ಕೊನೆಗೆ ಕರೆಯಬೇಕಾದ ಸಾಕ್ಷಿ. ಕಬ್ಬಿಣ ಎದುರಿಗೇ ಇರುವಾಗ ಅದನ್ನು ಮಾತಾಡಿಸದೆ ಕಥೆಯನ್ನು ಕೇಳುತ್ತ ಕೂರುವುದು, ರೋಗಿಯನ್ನು ಮುಟ್ಟದೆ ಜಾತಕ ನೋಡಿ ಮದ್ದು ಕೊಟ್ಟ ಹಾಗೆ.

ನಮ್ಮ ಕೋವಿ ಏನೆಂದು ನಮ್ಮ ಮನೆಯಲ್ಲೇ ಇದ್ದ ಒಂದು ಕಾಗದ ಮೊದಲಿನಿಂದಲೂ ಕೂಗಿ ಹೇಳುತ್ತಿತ್ತು. ಅದು ಲೈಸೆನ್ಸ್ ಪುಸ್ತಕ. ಅದರಲ್ಲಿ ಯಾರೋ ಗುಮಾಸ್ತರು 'ಎಸ್.ಬಿ.ಎಂ.ಎಲ್.' ಎಂದು ಬರೆದಿದ್ದರು. ಒಂಟಿ ನಳಿಗೆಯ, ಬಾಯಿಂದ ಮದ್ದು ತುಂಬುವ ಕೋವಿ ಎಂದು ಅದರ ಅರ್ಥ. ಊರಿನ ಮಾತಿನಲ್ಲಿ ಕೇಪಿನ ಕೋವಿ. ನಮ್ಮ ಮನೆಯ ಆಳುಮಗನೂ ಅದನ್ನು ಕೇಪಿನ ಕೋವಿ ಎಂದೇ ಕರೆಯುತ್ತಿದ್ದ, ಹಂದಿ ಕಾಯಲು ಹೋಗುವಾಗ ಪೇಟೆಯಿಂದ ತಂದ ಕೇಪನ್ನೇ ಹಾಕುತ್ತಿದ್ದ. ಕೇಪು ಎಂದರೆ ಕುದುರೆ ಬಡಿದಾಗ ಕಿಡಿ ಕಾರುವ ಪುಟ್ಟ ತಾಮ್ರದ ಟೊಪ್ಪಿ. 1783ರಲ್ಲಿ ಈ ಟೊಪ್ಪಿ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಬಡಿದರೆ ಸಿಡಿಯುವ ರಾಸಾಯನಿಕದಿಂದ ಕೋವಿ ಹಾರಿಸುವ ಉಪಾಯಕ್ಕೆ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಸ್ಕಾಟ್‌ಲೆಂಡಿನ ಪಾದ್ರಿ ಪೇಟೆಂಟ್ ಪಡೆದದ್ದು 1807ರಲ್ಲಿ. ಅವನಿಗೆ ಹಕ್ಕಿ ಹೊಡೆಯುವ ಗೀಳು. ಚಕಮಕಿ ಕೋವಿಯ ಬಟ್ಟಲಲ್ಲಿ ಮದ್ದು ಭಗ್ಗೆನ್ನುವ ಬೆಳಕಿಗೇ ಹಕ್ಕಿಗಳು ಬೆದರಿ ಹಾರುತ್ತಿದ್ದುದರಿಂದ ಆ ಬಟ್ಟಲನ್ನೇ ತೆಗೆದುಹಾಕುವ ದಾರಿ ಹುಡುಕಿದ. ತಾಮ್ರದ ಕೇಪು ಬಳಕೆಗೆ ಬಂದದ್ದು ಅದಕ್ಕೂ ಈಚೆಗೆ, 1820ರ ದಶಕದಲ್ಲಿ. ಬ್ರಿಟಿಷ್ ಸೈನ್ಯವೇ ಚಕಮಕಿಯನ್ನು ಬಿಟ್ಟು ಕೇಪಿಗೆ ಬರಲು 1840ರ ಸುಮಾರಾಯಿತು. ಕಾಲೇಜಿನಲ್ಲಿ ಮೈಸೂರು ಯುದ್ಧಗಳನ್ನು ನಾಲ್ಕು ದಿನ ಪಾಠ ಮಾಡುತ್ತಿದ್ದ ನನಗಿಂತ ಆ ಗುಮಾಸ್ತರಿಗೆ, ಆ ಆಳುಮಗನಿಗೆ ಹೆಚ್ಚು ಗೊತ್ತಿತ್ತು.

ತಿಳಿದವರು ಇಲ್ಲೊಂದು ಆಕ್ಷೇಪ ಎತ್ತುತ್ತಾರೆ. ಹಳೆಯ ಚಕಮಕಿ ಕೋವಿಗಳನ್ನೇ ಆಮೇಲೆ ಕೇಪಿಗೆ ಮಾರ್ಪಡಿಸುತ್ತಿದ್ದರಲ್ಲ? ನಿಜ, ಸಾವಿರಾರು ಕೋವಿಗಳನ್ನು ಹಾಗೆ ಮಾಡಿದ್ದಾರೆ. ಆದರೆ ಮಾರ್ಪಾಡು ಗುರುತು ಬಿಡದೆ ಆಗುವುದಿಲ್ಲ. ಚಕಮಕಿ ಕೋವಿಯ ಪಕ್ಕದ ಕಬ್ಬಿಣದ ಹಲಗೆಯ ಮೇಲೆ ಮದ್ದಿನ ಬಟ್ಟಲು, ಕಲ್ಲು ಉಜ್ಜುವ ಉಕ್ಕಿನ ತಗಡು, ಆ ತಗಡನ್ನು ಒತ್ತಿ ಹಿಡಿಯುವ ಸ್ಪ್ರಿಂಗು ಇರುತ್ತವೆ. ಅವನ್ನು ಕಿತ್ತರೆ ಸ್ಕ್ರೂಗಳ ತೂತು ಉಳಿಯುತ್ತದೆ. ತೂತನ್ನು ಮುಚ್ಚಿದರೂ ಮುಚ್ಚಿದ ಗುಂಡನೆಯ ಗೆರೆ ಕಾಣುತ್ತದೆ. ನಳಿಗೆಯ ಪಕ್ಕದ 'ಕಿವಿ'ಯಲ್ಲಿ, ಅಂದರೆ ಬೆಂಕಿ ಒಳಹೋಗುವ ಸಣ್ಣ ತೂತಿನಲ್ಲಿ, ಕೇಪಿನ ಮೊಳೆ ಕೂರಿಸಲು ಹೊಸ ಕಬ್ಬಿಣದ ತುಂಡೊಂದನ್ನು ತಿರುಗಿಸಿ ಸೇರಿಸಿರುತ್ತಾರೆ. ಹಲಗೆ ನಯವಾಗಿ, ಒಂದು ತೂತಿನ ಗುರುತೂ ಇಲ್ಲದೆ ಇದ್ದರೆ ಅದು ಹುಟ್ಟಿದ್ದೇ ಕೇಪಿಗಾಗಿ. ನಮ್ಮ ಕೋವಿಯ ಹಲಗೆ ಮಗುವಿನ ಕೆನ್ನೆಯಷ್ಟು ನಯವಾಗಿತ್ತು.

ಇದನ್ನು ನೋಡಲು ಪಾಂಡಿತ್ಯ ಬೇಡ, ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನು ನಾನು ಕೊಡಲಿಲ್ಲ. ನನ್ನಂಥವರು ಈ ಜಿಲ್ಲೆಯಲ್ಲಿ ಈಗಲೂ ಇದ್ದಾರೆ. ಎಲ್ಲಾದರೂ ಅಟ್ಟದ ಮೇಲೆ ಕಬ್ಬಿಣದ ಕೊಳವೆ ಸಿಕ್ಕಿದರೆ ಪತ್ರಿಕೆಯ ಜಿಲ್ಲಾ ಪುಟಕ್ಕೆ ಫೋಟೋ ಹೋಗುತ್ತದೆ. ಪಕ್ಕದಲ್ಲಿ 'ಇತಿಹಾಸ ಪ್ರಾಧ್ಯಾಪಕರು ದೃಢಪಡಿಸಿದ್ದಾರೆ' ಎಂಬ ಸಾಲು. ಹೇಗೆ ದೃಢಪಡಿಸಿದರು? ದೂರದಿಂದ ನೋಡಿ. ಶಾಸನವನ್ನಾದರೆ ಮಸಿ ಹಚ್ಚಿ ಪಡಿಯಚ್ಚು ತೆಗೆದು ಅಕ್ಷರ ಅಕ್ಷರ ಓದುವ ಈ ಜನ, ಕೋವಿಯ ಮುಂದೆ ಬಂದ ಕೂಡಲೇ ಹರಿಕಥೆ ದಾಸರಾಗಿಬಿಡುತ್ತಾರೆ.

ಮುಂದಿನದು ಇನ್ನೂ ಕೆಟ್ಟದ್ದು. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬೋನಮ್ಸ್ ಹರಾಜು ಮನೆಯಲ್ಲಿ ಟಿಪ್ಪುವಿನ ಕಾಲದ ಆಯುಧಗಳು ಸುಮಾರು 60 ಲಕ್ಷ ಪೌಂಡಿಗೆ ಮಾರಾಟವಾದವು. ಆ ಸುದ್ದಿ ನಮ್ಮ ಹಳ್ಳಿಗಳಿಗೆ ತಲುಪಲು ಎರಡು ದಿನವೂ ಬೇಕಾಗಲಿಲ್ಲ. ಆ ವರ್ಷ ಅತ್ತಿಗೆಗೆ ದೊಡ್ಡ ಆಪರೇಷನ್ ಆಗಬೇಕಿತ್ತು. ಅಣ್ಣಯ್ಯನ ಬಳಿ ದುಡ್ಡಿರಲಿಲ್ಲ. ಹಳ್ಳದ ಬದಿಯ ತೋಟ ಇದ್ದಿದ್ದರೆ ಇರುತ್ತಿತ್ತು. ಅವನು ಕೋವಿ ಮಾರಲು ಹೊರಟ. ಪೇಟೆಯಲ್ಲಿ ಹಳೆಯ ಸಾಮಾನು ಕೊಂಡು ಮಾರುವ ಒಬ್ಬನ ಪರಿಚಯವಾಯಿತು. ಅವನ ಹೆಸರು ಇಲ್ಲಿ ಬೇಡ. ಆತ ನನ್ನ ಕಾಗದವನ್ನು ಓದಿ, ಕೋವಿಯನ್ನು ತಿರುಗಿಸಿ ನೋಡಿ, "ಮಾಲು ಸರಿ ಇದೆ. ಆದರೆ ಫಾರಿನ್ ಪಾರ್ಟಿಗೆ ಹೀಗೆ ತೋರ್ಸಕ್ಕಾಗಲ್ಲ. ಸ್ವಲ್ಪ ಕ್ಲೀನ್ ಮಾಡಿಸ್ಬೇಕು" ಎಂದನಂತೆ. ಹದಿನೈದು ಸಾವಿರ ರೂಪಾಯಿ ಮತ್ತು ಒಂದು ತಿಂಗಳ ವಾಯಿದೆ.

ತಿಂಗಳಾದ ಮೇಲೆ ಬಂದ ಕೋವಿ ನಮ್ಮದೆಂದು ನಂಬಲು ನನಗೆ ಕಷ್ಟವಾಯಿತು. ನಳಿಗೆಯನ್ನು ಬಫಿಂಗ್ ಚಕ್ರಕ್ಕೆ ಹಿಡಿದು ಸ್ಟೀಲು ಲೋಟದಂತೆ ಬೆಳಗಿಸಿದ್ದರು. ಮರವನ್ನು ಉಪ್ಪುಕಾಗದದಲ್ಲಿ ಉಜ್ಜಿ ಕೆಂಪು ಪಾಲಿಶ್ ಬಳಿದಿದ್ದರು. ಹಲಗೆಯ ಮೇಲೆ ಹಿತ್ತಾಳೆಯ ಹುಲಿಮುಖವೊಂದನ್ನು ಬೆಸೆದಿದ್ದರು. ಹುಲಿ ಎಂದು ಮರ್ಯಾದೆಗೆ ಹೇಳುತ್ತಿದ್ದೇನೆ, ನೋಡಲು ಹಾಲು ಕುಡಿದ ಬೆಕ್ಕಿನಂತಿತ್ತು. ಅದರ ಕೆಳಗೆ ಅರಬ್ಬಿಯಂತೆ ಕಾಣುವ ಒಂದಿಷ್ಟು ಗೀಚು. ನಾನು ಮೊದಲು ನಳಿಗೆಯ ಬುಡ ಮುಟ್ಟಿ ನೋಡಿದೆ. ಚಿಕ್ಕಂದಿನಲ್ಲಿ ಬೆರಳಿಗೆ ತಡೆಯುತ್ತಿದ್ದ ಆ ಅಕ್ಷರಗಳಿರಲಿಲ್ಲ. ಚಕ್ರ ಅವನ್ನು ತಿಂದಿತ್ತು.

ನನ್ನ ಸಿಟ್ಟು ಇಲ್ಲಿದೆ. ನಕಲಿ ಕೋವಿಗಳ ಬಗ್ಗೆ ನನಗೆ ಅಷ್ಟು ದ್ವೇಷವಿಲ್ಲ. ಪ್ರವಾಸಿಗರಿಗೆಂದು ಮಾಡಿ ಮಾರುವ ಗೋಡೆಯ ಅಲಂಕಾರದ ಕೋವಿಗಳು ಬಹಳ ಕಡೆ ಸಿಗುತ್ತವೆ. ಕಣ್ಣಿಟ್ಟು ನೋಡಿದರೆ ಅವು ತಾವು ಏನೆಂದು ತಾವೇ ಒಪ್ಪಿಕೊಳ್ಳುತ್ತವೆ. ಎರಕ ಹೊಯ್ದ ಕಬ್ಬಿಣದ ಮೇಲೆ ಅಚ್ಚಿನ ಎರಡು ಅರ್ಧ ಸೇರುವ ಗೆರೆ ಇರುತ್ತದೆ. ಉಳಿಯಿಂದ ಕೊರೆದ ಅಕ್ಷರದ ಅಂಚು ಚೂಪು, ಅಚ್ಚಿನಲ್ಲಿ ಬಂದ ಅಕ್ಷರದ ಅಂಚು ಕರಗಿದ ಬೆಲ್ಲದಂತೆ. ಸ್ಕ್ರೂಗಳೆಲ್ಲ ಒಂದೇ ಅಳತೆ, ಕಾರ್ಖಾನೆಯ ಮರೆ. ಕೈಯಿಂದ ಮಾಡಿದ ಕಾಲದಲ್ಲಿ ಒಂದರ ಸ್ಕ್ರೂ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಕೆಲವದರಲ್ಲಿ ನಳಿಗೆ ಬಾಯಿಂದ ನಾಲ್ಕು ಬೆರಳು ಮಾತ್ರ ಟೊಳ್ಳು, ಒಳಗೆಲ್ಲ ಗಟ್ಟಿ. ಕಿವಿಯಲ್ಲಿ ಸೂಜಿ ಹಾಕಿದರೆ ನಳಿಗೆಯವರೆಗೆ ಹೋಗುವುದಿಲ್ಲ. ಆಸಿಡ್ ಹಾಕಿ ಬರಿಸಿದ ತುಕ್ಕು ಎಲ್ಲ ಕಡೆಯೂ ಒಂದೇ ಬಣ್ಣ, ಒಂದೇ ದಪ್ಪ. ನಿಜವಾದ ಬಳಕೆ ಹಾಗಿರುವುದಿಲ್ಲ. ಎಡಗೈ ಹಿಡಿಯುವ ಜಾಗ, ಕೆನ್ನೆ ಒರಗುವ ಜಾಗ, ಹೆಬ್ಬೆರಳು ಕುದುರೆಯನ್ನು ಎಳೆಯುವ ಜಾಗ ಸವೆದಿರುತ್ತದೆ. ಯಾರೂ ಮುಟ್ಟದ ಸಂದಿಯಲ್ಲಿ ಕಪ್ಪು ಕೂತಿರುತ್ತದೆ. ಎಲ್ಲ ಕಡೆ ಸಮವಾಗಿ ಮುದಿಯಾದ ವಸ್ತುವನ್ನು ಕಂಡರೆ ಅನುಮಾನ ಪಡಬೇಕು. ಮನುಷ್ಯರೂ ಹಾಗೆ ಮುದಿಯಾಗುವುದಿಲ್ಲ.

ನನ್ನ ಜಗಳ ಇರುವುದು ನಿಜವಾದ ವಸ್ತುವನ್ನು ನಕಲಿ ಮಾಡುವವರ ಮೇಲೆ. ನಮ್ಮ ಕೋವಿ ಹಳೆಯದಾಗಿತ್ತು, ಅದರ ಮಟ್ಟಿಗೆ ಅದು ಸಾಚಾ ಆಗಿತ್ತು. ರಾಜನ ಕೋವಿ ಅಲ್ಲ ಎಂಬುದೊಂದೇ ಅದರ ದೋಷ. ನಾವು ಆ ದೋಷವನ್ನು ತಿದ್ದಲು ಹೋಗಿ ಅದರ ಹೆಸರನ್ನೇ ಒರೆಸಿ ಹಾಕಿದೆವು. ಹುಲಿಯ ಗುರುತು ಹಚ್ಚಿದವನು ವ್ಯಾಪಾರಿ ಸರಿ. ಆದರೆ ಹುಲಿಯೇ ಇರಬೇಕು ಎಂಬ ಆಸೆಯನ್ನು ಅವನಿಗೆ ತೋರಿಸಿದವರು ನಾವು. ಇನ್ನೊಂದು ಮಾತು. ಹೀಗೆ ಲೈಸೆನ್ಸ್ ಇಲ್ಲದವನ ಕೈಗೆ ತಿಂಗಳುಗಟ್ಟಲೆ ಕೋವಿ ಕೊಟ್ಟದ್ದೇ ಅಪರಾಧ ಎಂಬುದು ಆಗ ನಮ್ಮಲ್ಲಿ ಯಾರ ತಲೆಗೂ ಹೋಗಲಿಲ್ಲ.

ಕೊಳ್ಳುವವರ ಕಡೆಯಿಂದ ಮೈಸೂರಿನಿಂದ ಒಬ್ಬರು ಬಂದರು. ಬಹಳ ವರ್ಷ ಕೋವಿ ರಿಪೇರಿ ಮಾಡಿದ ವಯಸ್ಸಾದವರು, ಮಾತು ಕಡಿಮೆ. ಜಗಲಿಯ ಮೇಲೆ ಹಳೆಯ ಪಂಚೆಯೊಂದನ್ನು ಹಾಸಿಸಿ ಕೂತರು. ಹುಲಿಮುಖವನ್ನು ಅವರು ನೋಡಲೇ ಇಲ್ಲ. ಮೊದಲು ಮಾಡಿದ ಕೆಲಸವೆಂದರೆ ಗಜವನ್ನು ಹೊರಗೆಳೆದು ನಳಿಗೆಯೊಳಗೆ ಬಿಟ್ಟದ್ದು. ತಳ ಮುಟ್ಟಿದ ಮೇಲೆ ಬಾಯಿಯ ಹತ್ತಿರ ಉಗುರಿನಿಂದ ಗುರುತು ಹಿಡಿದು, ಹೊರತೆಗೆದು ನಳಿಗೆಯ ಪಕ್ಕಕ್ಕೆ ಇಟ್ಟು ಅಳೆದರು. ಗಜದ ತುದಿ ಕಿವಿಯವರೆಗೆ ಬರಬೇಕು. ಬಾರದೆ ಮೂರು ನಾಲ್ಕು ಬೆರಳು ಹಿಂದೆಯೇ ನಿಂತರೆ ಒಳಗೆ ಏನೋ ಇದೆ ಎಂದು ಅರ್ಥ. ಅದು ಅಜ್ಜನ ಕಾಲದಲ್ಲಿ ತುಂಬಿಟ್ಟ ಮದ್ದೂ ಗುಂಡೂ ಆಗಿರಬಹುದು. ಕರಿಮದ್ದು ಒಣಗಿದ ಜಾಗದಲ್ಲಿದ್ದರೆ ಎಷ್ಟೋ ವರ್ಷ ಕೆಡುವುದಿಲ್ಲ. "ಎಷ್ಟೋ ಮನೇಲಿ ತುಂಬಿದ ಕೋವಿಗೇ ಪೂಜೆ ಮಾಡ್ತಾರೆ ಸ್ವಾಮಿ, ಮಕ್ಕಳು ಮುಂದೆ ನಿಂತಿರ್ತವೆ" ಎಂದರು. ನಮ್ಮದು ಖಾಲಿ ಇತ್ತು. ಅಸಲಿಯೋ ಅಲ್ಲವೋ ಎಂದು ಹಾರಿಸಿ ನೋಡುವ ಶೂರರೂ ಇದ್ದಾರೆ. ಒಳಗೆ ತುಕ್ಕು ತಿಂದ ನಳಿಗೆ ಬಿರಿದರೆ ಹೋಗುವುದು ಕೈಬೆರಳು, ಇಲ್ಲವೇ ಕಣ್ಣು.

ಆಮೇಲೆ ನಳಿಗೆಯನ್ನು ಮರಕ್ಕೆ ಹಿಡಿದಿರುವ ಬೆಣೆಗಳನ್ನು ತಟ್ಟಿ ತೆಗೆದು, ನಳಿಗೆಯನ್ನು ಮೆಲ್ಲಗೆ ಮೇಲಕ್ಕೆತ್ತಿದರು. ಚಕ್ರಕ್ಕೆ ಹಿಡಿದವರು ಆ ಕೆಲಸ ಮಾಡಿರಲಿಲ್ಲ. ಸೋಮಾರಿಗಳು ಎಂದು ಅವರಿಗೆ ನಾನು ಕೃತಜ್ಞನಾಗಿದ್ದೇನೆ. ಮರದೊಳಗೆ ಅಡಗಿದ್ದ ನಳಿಗೆಯ ಹೊಟ್ಟೆ ಕಂದುಬಣ್ಣದಲ್ಲೇ ಇತ್ತು. ಅಲ್ಲಿ ಮೂರು ಮುದ್ರೆಗಳಿದ್ದವು. ಎರಡು ರಾಜದಂಡಗಳು ಕತ್ತರಿಯಂತೆ ಅಡ್ಡಹಾದು, ಮೇಲೊಂದು ಕಿರೀಟ, ಸಂದುಗಳಲ್ಲಿ ಬಿ, ಪಿ, ಸಿ ಎಂಬ ಇಂಗ್ಲಿಷ್ ಅಕ್ಷರಗಳು. ಅದೇ ಥರದ ಇನ್ನೊಂದು, ಅದರಲ್ಲಿ ವಿ ಎಂಬ ಅಕ್ಷರ. ಪಕ್ಕದಲ್ಲಿ 14 ಎಂಬ ಅಂಕೆ.

ಅವರು ವಿವರಿಸಿದ್ದನ್ನು ಆಮೇಲೆ ಪುಸ್ತಕಗಳಲ್ಲಿ ನೋಡಿ ಖಚಿತ ಮಾಡಿಕೊಂಡೆ. ಈ ಸಲ ನೋಡಿದೆ. ಇಂಗ್ಲೆಂಡಿನಲ್ಲಿ ಯಾವ ನಳಿಗೆಯನ್ನೇ ಆಗಲಿ ಮಾರುವ ಮೊದಲು ಹೆಚ್ಚು ಮದ್ದು ತುಂಬಿ ಹಾರಿಸಿ, ಒಡೆಯದಿದ್ದರೆ ಮುದ್ರೆ ಒತ್ತುತ್ತಾರೆ. ಬರ್ಮಿಂಗ್‌ಹ್ಯಾಮಿನಲ್ಲಿ ಇದಕ್ಕಾಗಿ ಪಾರ್ಲಿಮೆಂಟಿನ ಕಾಯ್ದೆಯಂತೆ ಪರೀಕ್ಷಾಲಯ ಆರಂಭವಾದದ್ದು 1813ರಲ್ಲಿ. ಕಿರೀಟ ಮತ್ತು ರಾಜದಂಡಗಳ ಈ ಮುದ್ರೆ ಆ ಪರೀಕ್ಷಾಲಯದ್ದು. ಅಂದರೆ ಟಿಪ್ಪು ಸತ್ತು ಹದಿನಾಲ್ಕು ವರ್ಷ ಕಳೆದ ಮೇಲೆ ಹುಟ್ಟಿದ ಮುದ್ರೆ. 14 ಎಂಬುದು ನಳಿಗೆಯ ಬಾಯಿಯ ಅಳತೆ. ಆ ಬಾಯಿಗೆ ಸರಿಹೊಂದುವ ಹದಿನಾಲ್ಕು ಗುಂಡುಗಳನ್ನು ಒಂದು ಪೌಂಡು ಸೀಸದಿಂದ ಎರಕ ಹೊಯ್ಯಬಹುದು ಎಂದು ಲೆಕ್ಕ. ಆ ಅಂಕೆಯನ್ನು ಒತ್ತುವ ಪದ್ಧತಿ ಬಂದದ್ದು 1855ರ ಕಾಯ್ದೆಯ ನಂತರ. ಅಲ್ಲಿಗೆ ನಮ್ಮ ಮುತ್ತಜ್ಜನ ಅಜ್ಜ, ಎತ್ತು, ಅಕ್ಕಿ ಮೂಟೆ ಎಲ್ಲವೂ ಜಗಲಿಯಿಂದ ಕೆಳಗಿಳಿದು ಹೋದವು.

"ಇದು ಒಳ್ಳೇ ಕೋವಿ. ಶಿಕಾರಿಗೆ ಅಂತ ಯಾರೋ ದುಡ್ಡು ಕೊಟ್ಟು ಕೊಂಡದ್ದು. ಹಲಗೆ ಮೇಲೆ, ನಳಿಗೆ ಮೇಲೆ ಮಾಡಿದವನ ಹೆಸರು ಇದ್ದಿರುತ್ತೆ. ಅದಿದ್ದಿದ್ರೆ ಯಾವ ಊರು, ಯಾವ ಅಂಗಡಿ, ಯಾವ ವರ್ಷ ಅಂತ ಹುಡುಕಬಹುದಿತ್ತು" ಎಂದರು. ಹುಲಿಮುಖವನ್ನು ಆಗ ಮೊದಲ ಸಲ ನೋಡಿದರು. "ಇದನ್ಯಾಕೆ ಅಂಟಿಸಿದ್ರಿ?" ಎಂದು ಕೇಳಿದರು. ಅಣ್ಣಯ್ಯ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ.

ಟಿಪ್ಪುವಿನ ಕಾರ್ಖಾನೆಯಲ್ಲಿ ಮಾಡಿದ ಕೋವಿಗಳು ನಿಜಕ್ಕೂ ಇವೆ. ಅವು ಹೇಗಿರುತ್ತವೆ ಎಂಬುದು ಗುಟ್ಟಲ್ಲ. ಅವು ಚಕಮಕಿ ಕೋವಿಗಳು. ಹುಲಿಯ ತಲೆ, ಹುಲಿಯ ಮೈಪಟ್ಟೆ ಆ ಲೋಹದಲ್ಲೇ ಹುಟ್ಟಿದಂತೆ ಕೂತಿರುತ್ತವೆ, ಬೆಳ್ಳಿ ಬಂಗಾರದ ಕೆತ್ತನೆ ಇರುತ್ತದೆ. ಇಸವಿ ಇದ್ದರೆ ಅದು ಹಿಜರಿ ಅಲ್ಲ. ಅವನೇ ಜಾರಿಗೆ ತಂದ, ಪ್ರವಾದಿಯ ಹುಟ್ಟಿನಿಂದ ಎಣಿಸುವ ಮೌಲೂದಿ ಶಕೆ. ಅದರ ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಯಿಸುತ್ತಿದ್ದ. ನಕಲಿ ಮಾಡುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ. 2023ರ ಮೇ ತಿಂಗಳಲ್ಲಿ ಅವನ ಶಯನಗೃಹದ ಖಡ್ಗ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾದಾಗ ಬೆಲೆ ಬಂದದ್ದು ಬರಿಯ ಉಕ್ಕಿಗಲ್ಲ. ಕೋಟೆ ಬಿದ್ದ ಮೇಲೆ ಅದು ಜನರಲ್ ಬೇರ್ಡ್‌ಗೆ ಹೋದದ್ದು ದಾಖಲೆಯಲ್ಲಿತ್ತು. ನಮ್ಮ ದಾಖಲೆ ಯಾವುದು? ನಾನು ಬರೆದ ಒಂದು ಹಾಳೆ.

ನಮ್ಮ ಸೀಮೆಗೆ ಟಿಪ್ಪುವಿನ ಆಯುಧಗಳ ಭಾಗ್ಯವೇ ಇಲ್ಲವೆಂದಲ್ಲ. ನಗರದ ಕಡೆಯ ಒಂದು ಬತ್ತಿದ ಬಾವಿಯಲ್ಲಿ 2002ರಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕಿದ್ದವು. 2018ರಲ್ಲಿ ಪುರಾತತ್ವ ಇಲಾಖೆಯವರು ಮತ್ತೆ ಅಗೆದಾಗ ಸಾವಿರಕ್ಕೂ ಹೆಚ್ಚು ಸಿಕ್ಕವು. ಅವು ಮೈಸೂರಿನ ಪ್ರಸಿದ್ಧ ರಾಕೆಟ್ಟುಗಳು. ಒಂದರ ಮೇಲೂ ಹುಲಿಯಿಲ್ಲ, ಬೆಳ್ಳಿಯಿಲ್ಲ. ಗೋಡೆಗೆ ಹಾಕಿದರೆ ನೆಂಟರು ಮೂಗು ಮುರಿಯುವಂಥ ಕೊಳವೆಗಳು. ಅವನ್ನು ಯಾರೂ ಬೆಳಗಿಸಲಿಲ್ಲ. ಒಳಗಿದ್ದ ಕಪ್ಪುಪುಡಿ ಏನೆಂದು ನೋಡಿದರು, ಅಳೆದರು, ಶಿವಮೊಗ್ಗದ ವಸ್ತುಸಂಗ್ರಹಾಲಯದಲ್ಲಿ ಇಟ್ಟರು. ಲೋಕ ಬಂದು ನೋಡಿತು.

ಕೆಲವರು ಈಗಲೂ ಇನ್ನೊಂದು ಬಗೆಯ ಧೈರ್ಯ ಹೇಳುತ್ತಾರೆ. ನೂರು ವರ್ಷ ದಾಟಿದ ಕೋವಿಗೆ ಲೈಸೆನ್ಸ್ ಬೇಡ, ಅದು ಪುರಾತನ ವಸ್ತು, ಯಾರಿಗೆ ಬೇಕಾದರೂ ಮಾರಬಹುದು ಎಂದು. ಅದು ಸುಳ್ಳು. 1959ರ ಆಯುಧ ಕಾಯ್ದೆ ಬಿಟ್ಟುಕೊಡುವುದು ಹಳೆಯ ಮಾದರಿಯ ಅಥವಾ ಕೆಟ್ಟುಹೋದ ಆಯುಧ ರಿಪೇರಿ ಮಾಡಿದರೂ ಹಾರದಂತಿದ್ದರೆ ಮಾತ್ರ. ಮದ್ದು ತುಂಬಿ ಹಾರಿಸಬಹುದಾದ ಕೇಪಿನ ಕೋವಿ ಎಷ್ಟೇ ಮುದಿಯಾಗಿದ್ದರೂ ಕೋವಿಯೇ. ಇನ್ನು ಹೊರದೇಶಕ್ಕೆ ಕಳಿಸುವುದು. ನಿಜವಾಗಿ ಪುರಾತನವಾದದ್ದನ್ನು ಖಾಸಗಿಯವರು ಕಳಿಸುವುದನ್ನು 1972ರ ಕಾಯ್ದೆ ನಿಷೇಧಿಸುತ್ತದೆ. ಹಾಗಾಗಿ 'ಫಾರಿನ್ ಪಾರ್ಟಿ' ಎಂದು ಬಾಯಿ ಬಿಡುವ ವ್ಯಾಪಾರಿ ಒಂದೋ ವಸ್ತು ನಕಲಿ ಎಂದು ತಿಳಿದವನು, ಇಲ್ಲವೇ ಕಳ್ಳ. ಎರಡೂ ಆಗಿರಲು ಅಡ್ಡಿಯೇನಿಲ್ಲ.

ಕಥೆಯನ್ನು ಸುಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಅಕ್ಕಿ ಹೊರಿಸಿದ ಅಜ್ಜ ಇದ್ದಿರಬಹುದು. ಅವರಿಗೆ ಯಾವುದೋ ಕೋವಿಯೂ ಸಿಕ್ಕಿರಬಹುದು. ಅದನ್ನು ಮಕ್ಕಳಿಗೆ ಹೇಳಿ, ಬೇಕಾದರೆ ಬರೆದಿಡಿ. ಪಾಲುಪಟ್ಟಿಯಲ್ಲಿ ಮಾತ್ರ ಬರೆಯಬೇಡಿ.

ಅತ್ತಿಗೆಯ ಆಪರೇಷನ್ ಸಾಲದಲ್ಲಿ ಆಯಿತು. ಅರ್ಧ ನಾನು ಕೊಟ್ಟೆ. ಕೊಟ್ಟೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಅದು ಹಳ್ಳದ ಬದಿಯ ತೋಟದ್ದೇ ದುಡ್ಡು. ಅಣ್ಣಯ್ಯ ಒಂದು ದಿನವೂ ನನ್ನನ್ನು ದೂರಲಿಲ್ಲ. ಒಮ್ಮೆ ಮಾತ್ರ, ಅಡಿಕೆ ಸುಲಿಯುವ ಹೊತ್ತಿನಲ್ಲಿ, "ನೀ ಅವತ್ತು ಗೊತ್ತಿಲ್ಲ ಅಂದಿದ್ರೆ ಸಾಕಿತ್ತು ಮಾರಾಯಾ" ಎಂದ. ದೂರಿದ್ದರೆ ಇದಕ್ಕಿಂತ ಹಗುರಾಗುತ್ತಿತ್ತು.

ಅವನು ಕೇಳದಿದ್ದರೂ ನಾನು ಇನ್ನೊಂದು ಹಾಳೆ ಬರೆದುಕೊಟ್ಟೆ. ಒಂಟಿ ನಳಿಗೆಯ ಕೇಪಿನ ಕೋವಿ, 14 ಬೋರು, ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದು, 1855ರ ನಂತರದ್ದು, ಮಾಡಿದವನ ಹೆಸರು ಅಳಿಸಿಹೋಗಿದೆ, ಹಿತ್ತಾಳೆಯ ಹುಲಿಮುಖ 2015ರಲ್ಲಿ ಸೇರಿಸಿದ್ದು. ಈ ಸಲ ಎಂ.ಎ. ಹಾಕಲಿಲ್ಲ. ತೋಟವನ್ನು ಮರಳಿ ಬರೆದುಕೊಡೋಣವೆಂದು ನನ್ನ ತಮ್ಮನನ್ನು ಕೇಳಿದೆ. ತೋಟ ನಮ್ಮಿಬ್ಬರ ಹೆಸರಿನಲ್ಲಿದೆ, ಅವನ ಸಹಿ ಇಲ್ಲದೆ ಆಗದು. ನನ್ನ ಪಾಲಿನ ಫಸಲು ಅಣ್ಣಯ್ಯನ ಅಂಗಳಕ್ಕೆ ಹೋಗುತ್ತದೆ. ತಮ್ಮನ ಪಾಲಿನದು ಹೋಗುವುದಿಲ್ಲ.

ಇಡೀ ಮನೆತನದಲ್ಲಿ ಈಗ ಆ ಕೋವಿ ಟಿಪ್ಪುವಿನದೇ ಎಂದು ಹಟ ಹಿಡಿದಿರುವವನು ತಮ್ಮನೊಬ್ಬನೇ. ಮುದ್ರೆಯ ಮಾತೆತ್ತಿದರೆ ನಳಿಗೆ ಬದಲಾಯಿಸಿರಬಹುದು ಎನ್ನುತ್ತಾನೆ. ಹಲಗೆಯ ಮಾತೆತ್ತಿದರೆ ಹಲಗೆಯೂ ಬದಲಾಗಿರಬಹುದು ಎನ್ನುತ್ತಾನೆ. ಕೊನೆಗೆ ಬೀರುವಿನಿಂದ ಪ್ಲಾಸ್ಟಿಕ್ ಹಾಕಿಸಿದ ಜೆರಾಕ್ಸ್ ಪ್ರತಿಯೊಂದನ್ನು ತಂದು ನನ್ನ ಮುಂದಿಟ್ಟು, 'ನಿಸ್ಸಂಶಯವಾಗಿ' ಎಂಬಲ್ಲಿ ಬೆರಳಿಡುತ್ತಾನೆ.